ಕಡಲ ನೀರಲ್ಲಿ ತೊಳೆದ ಲಾರಿ

ಮೆಕ್ಯಾನಿಕ್ ಗೇಬ್ರಿಯಲ್ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದ್ದೇ ತಡ, ಆಯಿಲ್ ಪ್ಯಾನಿನ ತಳ ಹಪ್ಪಳದ ಹಾಗೆ ಮುರಿಯಿತು.

"ನೋಡು ಮೋಹನ್. ಇದು ರಸ್ತೆಯ ಹಂಪಿಗೆ ಬಡಿದು ತೂತಾದದ್ದಾ? ಎಲ್ಲಿ ಜಜ್ಜಿದೆ, ತೋರಿಸು ನೋಡುವಾ."

ಲಾರಿಯ ಮಾಲೀಕ ಮೋಹನದಾಸ ಬಗ್ಗಿದ. ವರ್ಷಗಟ್ಟಲೆ ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಹಿಡಿದಿಟ್ಟುಕೊಂಡಿದ್ದ ಆ ಕಬ್ಬಿಣದ ತೊಟ್ಟಿ ಈಗ ಗಲ್ಫಿನ ಬನಿಯಾಸಿನ ಗ್ಯಾರೇಜಿನ ಬೆಂಚಿನ ಮೇಲೆ ಬೋರಲು ಬಿದ್ದಿತ್ತು. ಮುಟ್ಟಿದಲ್ಲೆಲ್ಲ ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಅವನು ಮೂಲೆಮೂಲೆಗೂ ಬೆರಳಾಡಿಸಿದ. ಒಂದೇ ಒಂದು ತಗ್ಗು ಸಿಕ್ಕಿದ್ದರೆ ಅವನ ಜೀವಕ್ಕೆ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ.

"ಇದು ಉಪ್ಪು ತಿಂದದ್ದು," ಎಂದ ಗೇಬ್ರಿಯಲ್, ಕೈ ಒರೆಸಿಕೊಳ್ಳುತ್ತ. "ನೀವು ಲಾರಿ ಯಾವ ನೀರಲ್ಲಿ ತೊಳೆಯುವುದು?"

ಅದು ಬಂದರಿನ ಮೀನು ಮಾರ್ಕೆಟ್ಟಿಗೆಲ್ಲ ಗೊತ್ತಿದ್ದ ಸಂಗತಿ. ಮಲ್ಪೆಯ ಬೋಟಿನವರ ಮನೆಯಲ್ಲಿ ಹುಟ್ಟಿದವನು ಮೋಹನದಾಸ. ಮೀನಿನ ನಾತ ಹೋಗಬೇಕಾದರೆ ಕಡಲ ನೀರೇ ಆಗಬೇಕು, ಅದರಲ್ಲೂ ತಳ ಚೆನ್ನಾಗಿ ತೊಳೆಯಬೇಕು ಎಂದು ಅಪ್ಪನಿಂದ ಕಲಿತದ್ದು. ಮರದ ಬೋಟಿಗೆ ಹೇಳಿದ ಮಾತನ್ನು ಕಬ್ಬಿಣದ ಲಾರಿಗೂ ಅನ್ವಯಿಸಿಬಿಟ್ಟಿದ್ದ. ದಿನಾ ಮೀನಿಳಿಸಿದ ಮೇಲೆ ಡ್ರೈವರ್ ಸಿದ್ದೀಕ್ ಜೆಟ್ಟಿಯಿಂದ ಕಡಲಿಗೆ ಬಕೆಟ್ ಇಳಿಸಿ ನೀರೆತ್ತಿ ಲಾರಿಯ ಅಡಿಗೆ ಎರಚಬೇಕು. "ಟ್ಯಾಂಕಿಯ ಸಿಹಿನೀರು ಇದೆಯಲ್ಲ ಮೋಹನಣ್ಣ, ಅದರಲ್ಲಿ ತೊಳೆಯುವ," ಎಂದು ಸಿದ್ದೀಕ್ ಒಮ್ಮೆ ಹೇಳಿದ್ದ. "ಬ್ಯಾರಿಗೆ ಬೋಟಿನ ವಿಷಯ ಎಂತ ಗೊತ್ತುಂಟು?" ಎಂದು ಮೋಹನದಾಸ ನಕ್ಕಿದ್ದ. ಸುತ್ತಲಿದ್ದವರೂ ನಕ್ಕಿದ್ದರು.

ಅದೇ ಜನರ ಎದುರು, ಲಾರಿಯ ಅಡಿಯಲ್ಲಿ ಎಣ್ಣೆ ಸೋರಿದ್ದು ಕಂಡ ದಿನ, ಅವನು ಸಿದ್ದೀಕನಿಗೆ ಬಾಯಿಗೆ ಬಂದಂತೆ ಬೈದಿದ್ದ. ಹಂಪು ನೋಡದೆ ಓಡಿಸಿ ಪ್ಯಾನ್ ಒಡೆದ ಎಂದು. ಸಿದ್ದೀಕ್ ಅಲ್ಲಾನ ಆಣೆ ಹಾಕಿದ, ಕಣ್ಣಲ್ಲಿ ನೀರು ತಂದ. ಮೋಹನದಾಸ ಕರಗಲಿಲ್ಲ, ವೀಸಾ ಕ್ಯಾನ್ಸಲ್ ಮಾಡಿಸಿಯೇಬಿಟ್ಟ. ಐವತ್ತು ದಾಟಿದ ಡ್ರೈವರನಿಗೆ ಈ ದೇಶದಲ್ಲಿ ಇನ್ನೊಂದು ವೀಸಾ ಕೊಡುವವರು ಯಾರು? ಅದು ಗೊತ್ತಿದ್ದೇ ಮಾಡಿಸಿದ್ದ.

"ಅವ ಇವತ್ತು ಊರಿಗೆ ಹೋಗುವುದಲ್ಲವಾ?" ಗೇಬ್ರಿಯಲ್ ಕೇಳಿದ. "ಫೋನ್ ಮಾಡು ಮಾರಾಯ. ಇಲ್ಲೇ ನಿಲ್ಲು, ಹೊಸ ವೀಸಾ ಹಾಕುತ್ತೇನೆ ಅಂತ ಹೇಳು. ತಪ್ಪಾಯ್ತು ಅಂದ್ರೆ ನಿನ್ನ ಗಂಟು ಹೋಗುವುದಿಲ್ಲ."

ಗ್ಯಾರೇಜಿನ ಹೊರಗೆ ನೆರಳಿನಲ್ಲಿ ಲತೇಶ್ ಚಹಾ ಕುಡಿಯುತ್ತ ನಿಂತಿದ್ದ. ಮೋಹನದಾಸನ ಹೆಂಡತಿ ಜಲಜಾಕ್ಷಿಯ ಅಣ್ಣನ ಮಗ. ದುಬೈಯ ಮಿರ್ದಿಫಿನಲ್ಲಿ ಕೆಲಸ ಕಳೆದುಕೊಂಡು ಕೂತಿದ್ದವನನ್ನು ಸಿದ್ದೀಕನ ಜಾಗಕ್ಕೆ ಕರೆಸಿ ಎರಡು ದಿನವಾಗಿತ್ತು. ಇದ್ದದ್ದು ಒಂದೇ ಲಾರಿ. ಸಿದ್ದೀಕ್ ಬಂದರೆ ಲತೇಶ್ ಹೋಗಬೇಕು. ಮನೆಯಲ್ಲಿ ಜಲಜಾಕ್ಷಿಗೆ, ಮಾರ್ಕೆಟ್ಟಿನಲ್ಲಿ ನಕ್ಕವರಿಗೆಲ್ಲ, ಲಾರಿ ಹಾಳು ಮಾಡಿದ್ದು ನಾನೇ ಎನ್ನಬೇಕು. ನೆನೆಸಿಕೊಂಡರೇ ಮೈ ಹಿಡಿಯಾಗುತ್ತಿತ್ತು.

ಆದರೂ ಫೋನ್ ಮಾಡಿದ. ಆ ಕಡೆ ದುಬೈ ಏರ್‌ಪೋರ್ಟಿನ ಗದ್ದಲ.

"ಮೋಹನಣ್ಣ!" ಸಿದ್ದೀಕನ ದನಿಯಲ್ಲಿ ಇದ್ದಕ್ಕಿದ್ದಂತೆ ಆಸೆ ಎದ್ದು ಕೂತಿತು. "ಹೇಳಿ ಮೋಹನಣ್ಣ. ನಾನಿನ್ನೂ ಒಳಗೆ ಹೋಗಲಿಲ್ಲ, ಲೈನಲ್ಲಿದ್ದೇನೆ."

ಗೇಬ್ರಿಯಲ್ ಮೋಹನದಾಸನನ್ನೇ ನೋಡುತ್ತಿದ್ದ. ಮೋಹನದಾಸ ಅವನಿಗೆ ಬೆನ್ನು ತಿರುಗಿಸಿದ.

"ಎಂತ ಇಲ್ಲ. ಟಿಕೆಟ್ ಪಾಸ್‌ಪೋರ್ಟ್ ಎಲ್ಲ ಸರಿ ಉಂಟಾ ಅಂತ ಕೇಳಲಿಕ್ಕೆ."

ಸಿದ್ದೀಕ್ ಮೆಲ್ಲಗೆ ಹೇಳಿದ: "ಸರಿ ಉಂಟು. ನಾನು ಹಂಪಿಗೆ ಹೊಡ್ದದ್ದಲ್ಲ ಮೋಹನಣ್ಣ. ಕೆಲಸ ಹೋದ್ರೆ ಹೋಗ್ಲಿ. ಅದೊಂದು ನೀವು ನಂಬಿದ್ರೆ ಸಾಕಿತ್ತು."

"ಈಗ ಅದೆಲ್ಲ ಎಂತಕ್ಕೆ ಮಾರಾಯ. ಖಲಾಸ್. ಜಾಗ್ರತೆ ಹೋಗು."

ಮೋಹನದಾಸ ಫೋನ್ ಜೇಬಿಗೆ ಹಾಕಿಕೊಂಡ. ಗೇಬ್ರಿಯಲ್ ಹೊಸ ಪ್ಯಾನಿನ ಪ್ಲಾಸ್ಟಿಕ್ ಹರಿದು, ಕಪ್ಪಗೆ ಹೊಳೆಯುತ್ತಿದ್ದ ಅದನ್ನು ಎತ್ತಿಕೊಂಡು ಲಾರಿಯ ಅಡಿಗೆ ನುಸುಳಿದ.

ಮಾರನೆಯ ದಿನ ಬಂದರಿನಲ್ಲಿ ಮೀನಿಳಿಸಿದ ಮೇಲೆ, ಲತೇಶ್ ಯಾರೂ ಹೇಳದೆ ಬಕೆಟ್ಟಿಗೆ ಹಗ್ಗ ಕಟ್ಟಿ ಜೆಟ್ಟಿಯಿಂದ ಕೆಳಗಿಳಿಸಿದ. ಮಾವನ ಪದ್ಧತಿಯನ್ನು ಬಂದ ದಿನವೇ ಕೇಳಿ ತಿಳಿದುಕೊಂಡಿದ್ದ. ಮಾರ್ಕೆಟ್ಟಿನವರು ಐಸ್ ಪೆಟ್ಟಿಗೆಗಳ ಮೇಲೆ ಕೂತು ನೋಡುತ್ತಿದ್ದರು. ಪಕ್ಕದಲ್ಲೇ ಸಿಹಿನೀರಿನ ಪೈಪು ಸುರುಳಿ ಸುತ್ತಿ ಬಿದ್ದಿತ್ತು. ಮೋಹನದಾಸ ಒಮ್ಮೆ ಅದರ ಕಡೆ ನೋಡಿದ, ಒಮ್ಮೆ ಅವರ ಕಡೆ ನೋಡಿದ.

"ಮಾವ, ತಳಕ್ಕೂ ಹಾಕಬೇಕಲ್ಲ?" ತುಂಬಿದ ಬಕೆಟ್ ಹಿಡಿದು ಲತೇಶ್ ಕೇಳಿದ.

ಮೋಹನದಾಸ ಬಾಯಿ ತೆರೆದ. ಕೂತವರಲ್ಲಿ ಯಾರೋ ಒಬ್ಬ ಕೆಮ್ಮಿದ.

"ಹೂಂ," ಎಂದ. "ಅಲ್ಲಿಗೇ ಚೆನ್ನಾಗಿ ಹಾಕು."

ನೀರು ರಪ್ಪೆಂದು ಬಡಿಯಿತು. ಹೊಸ ಪ್ಯಾನಿನ ಕಪ್ಪು ಅಂಚಿನಿಂದ ಹನಿಗಳು ಒಂದೊಂದಾಗಿ ಕಾದ ಸಿಮೆಂಟಿನ ಮೇಲೆ ಬಿದ್ದು, ನೋಡುತ್ತಿದ್ದಂತೆ ಬೆಳ್ಳಗೆ ಒಣಗಿದವು.