ಅಳಿಸಿದ ಸಾಲುಗಳು

ತಾನೇ ಅಳಿಸಿದ ಸಾಲುಗಳು ಮತ್ತೆ ಪರದೆಯ ಮೇಲೆ ಬಂದು ಕುಳಿತದ್ದನ್ನು ಕಂಡು ದಾನೇಶ್ವರಿಗೆ ತಲೆಯೇ ಓಡಲಿಲ್ಲ. ಅಳಿಸುವಾಗ ಪಕ್ಕಕ್ಕಿಟ್ಟ ಚಹಾ ಇನ್ನೂ ಆರಿರಲಿಲ್ಲ.

ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ ಅವಳು, ಮಸ್ಕಿಯ ಮನೆಯಲ್ಲಿ ಗೆಳತಿ ವಸೀಮಾ. ಭತ್ತ ಕೊಯ್ಯುವ ಮಷಿನ್ನು ಯಾರ ಹೊಲಕ್ಕೆ ಯಾವಾಗ ಹೋಗಬೇಕೆಂದು ಹೇಳುವ ಆ್ಯಪ್ ಒಂದನ್ನು ಇಬ್ಬರೂ ಕೂಡಿ ಬರೆಯುತ್ತಿದ್ದರು. ಬರೆದ ಕೋಡನ್ನೆಲ್ಲ ಕಾಪಿಡುವ ಗಿಟ್‌ನಲ್ಲಿ ಇಬ್ಬರದೂ ಬೇರೆ ಬೇರೆ ಬ್ರಾಂಚು, ಅಂದರೆ ಅವರವರದೇ ಪ್ರತಿ. ಒಬ್ಬಳು ಬದಲಾಯಿಸಿ ಕಳಿಸಿದ್ದನ್ನು ಇನ್ನೊಬ್ಬಳು ತನ್ನ ಕಂಪ್ಯೂಟರಿಗೆ ಎಳೆದುಕೊಂಡು ತನ್ನದರಲ್ಲಿ ಕೂಡಿಸಬೇಕು. ಒಂದೇ ಜಾಗದಲ್ಲಿ ಇಬ್ಬರೂ ಕೈಯಾಡಿಸಿದ್ದರೆ ಗಿಟ್ ಎರಡನ್ನೂ ಮುಂದಿಟ್ಟು, ಯಾವುದಿರಲಿ ಎಂದು ಕೇಳುತ್ತದೆ.

ಜಗಳ ಹತ್ತಿದ್ದೂ ಅಲ್ಲೇ. ಮೊದಲು ಹೆಸರು ಬರೆಸಿದವರಿಗೆ ಮೊದಲ ಪಾಳಿ ಎಂದು ದಾನೇಶ್ವರಿ ಬರೆದಿದ್ದಳು. ಗಾಳಿಗೆ ಭತ್ತ ನೆಲಕ್ಕೆ ಬಿದ್ದವರಿಗೆ ಮೊದಲು ಎಂದು ವಸೀಮಾ. "ನಿಮ್ಮಪ್ಪನ ಭತ್ತ ಬಿದ್ದೈತಿ ಅಂತ ಹಿಂಗ ಬರದಿಯೇನು?" ಎಂದು ದಾನೇಶ್ವರಿ ಕೇಳಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಫೋನಿಲ್ಲ, ಮೆಸೇಜಿಲ್ಲ.

ನಿನ್ನೆ ತುರ್ವಿಹಾಳಕ್ಕೆ ಹೋದಾಗ, ಬಿದ್ದ ಭತ್ತ ಕೆಸರಲ್ಲೇ ಮೊಳಕೆ ಒಡೆದಿದ್ದನ್ನು ಕಣ್ಣಾರೆ ಕಂಡಳು. ನಾಚಿಕೆಯಾಯಿತು. ಇಂದು ಬೆಳಿಗ್ಗೆ ತನ್ನ ಸಾಲುಗಳನ್ನು ಅಳಿಸಿ, ವಸೀಮಾಳದ್ದನ್ನು ಇಟ್ಟು ಕಳಿಸಿದಳು. ಬಾಯಿಬಿಟ್ಟು ತಪ್ಪಾಯಿತು ಎನ್ನುವುದಕ್ಕಿಂತ ಇದು ಸುಲಭವಿತ್ತು.

ಈಗ ನೋಡಿದರೆ ಮಸ್ಕಿಯಿಂದ ಬಂದದ್ದರಲ್ಲಿ ಇವಳವೇ ಸಾಲುಗಳು! ವಸೀಮಾಳದ್ದು ಒಂದೂ ಇಲ್ಲ. ಕೈತಪ್ಪಿ ಬೇರೇನಾದರೂ ಒತ್ತಿದೆನೇ? ಎಲ್ಲಿಗಾದರೂ ಕಳಿಸಿಬಿಟ್ಟೆನೇ? ಮತ್ತೆ ಎಳೆದಳು. ಅದೇ. ಕೊನೆಗೆ ಬದಲಾಯಿಸಿದವರ ಹೆಸರು ನೋಡಿದಳು: ವಸೀಮಾ. ಅವಳೂ ತನ್ನದನ್ನು ಅಳಿಸಿ ಇವಳದನ್ನು ಇಟ್ಟಿದ್ದಳು. ದಾನೇಶ್ವರಿ ಹಿಂದೆಮುಂದೆ ನೋಡದೆ ಫೋನ್ ಹಚ್ಚಿದಳು.

"ಏ ಹುಚ್ಚಿ, ನಿಂದ್ಯಾಕ ಅಳಿಸಿದಿ? ನಾ ನಿಂದೇ ಇಟ್ಟಿದ್ನಲ್ಲ!"

"ಇನ್ನ ಮ್ಯಾಲೆ ಆ್ಯಪ್ ನಡಸಾಕಿ ನೀನೇ ಅಲ್ಲೇನು? ನಿನ್ನ ಪ್ರಕಾರನ ಇರಲಿ ಅಂತ ಇಟ್ಟೆ," ಎಂದಳು ವಸೀಮಾ. "ಲಿಂಗಸುಗೂರಿನ ಕಾಲೇಜಿನಾಗ ನೌಕರಿ ಸಿಕ್ಕೈತಿ. ಸೋಮವಾರ ಹೊಂಟೀನಿ."

ಕೂಡಿ ಮಾಡಿದ್ದನ್ನು ತನಗೊಬ್ಬಳಿಗೇ ಬಿಟ್ಟುಕೊಟ್ಟಿದ್ದಾಳೆ ಎಂದು ದಾನೇಶ್ವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. "ನಾ ಅವತ್ತು ಅಂದಿದ್ದು..." ಎಂದಳು.

"ಇರಲಿ ಬಿಡಬೇ. ಇಡ್ಲಾ ಫೋನು?"

"ಏ, ತಡಿ! ಇಲ್ಲಿ ಎರಡೂ ಕಲಸಿಹೋಗ್ಯಾವ. ಹೆಂಗ ಕೂಡಸಬೇಕೋ ನಂಗ ತಿಳಿವಲ್ದು."

ದಿನವೂ ಮಾಡುತ್ತಿದ್ದ ಕೆಲಸ. ವಸೀಮಾಳಿಗೂ ಅದು ಗೊತ್ತು.

ಆದರೂ, "ಮೊದ್ಲ ನಂದು ಎಳಕೋ," ಎಂದಳು.

ದಾನೇಶ್ವರಿ ಒಂದು ಕೀಯನ್ನೂ ಮುಟ್ಟಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹ್ಞೂಂ, ಎಳಕೊಂಡೆ," ಎಂದಳು. "ಈಗ?"