ಹದಿನೆಂಟು ಸಾವಿರ ಹೆಜ್ಜೆ

ಪಿಸ್ತಾ ಬರ್ಫಿಯ ಮೇಲಿನ ಬೆಳ್ಳಿ ಹಾಳೆ ನಡುಗುತ್ತಿದೆ, ಏಸಿಯ ಗಾಳಿಗಿರಬೇಕು, ನನ್ನ ಉಸಿರಿಗಂತೂ ಅಲ್ಲ, ನಡುವೆ ಗಾಜಿದೆ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದೇನೆ, ಐವತ್ತಾರು ವರ್ಷದ ರಾಮಲಿಂಗಂ, ನಾಚಿಕೆಯಿಲ್ಲ — ಯಾಕಿರಬೇಕು, ಎಂಟು ವಾರ, ಎಂಟು ವಾರದಿಂದ ಈ ನಾಲಿಗೆ ಒಂದು ಚೂರು ಬೆಲ್ಲವನ್ನೂ ಕಂಡಿಲ್ಲ, ನಮ್ಮೂರು ಕರುಮತ್ತಂಪಟ್ಟಿಯಲ್ಲಿ ಬಸ್ಸು ಹತ್ತಿದಾಗಲೇ ಬಾಯಲ್ಲಿ ನೀರು, ಪಕ್ಕದಲ್ಲಿ ಕೂತವನು ತೂಕಡಿಸುತ್ತಿದ್ದ, ಎಬ್ಬಿಸಿ ಹೇಳಿಬಿಡೋಣ ಅನಿಸಿತ್ತು, ಇವತ್ತು ನನ್ನ ಮಗಳು ಗೋಕಿಲಾ ನನಗೆ ಎಳನೀರು ಪಾಯಸ ಕೊಡಿಸುತ್ತಾಳೆ ಅಂತ. ಎನ್ನ ಸಾಪಡ್ರೀಂಗ ಅಣ್ಣಾ, ಏನು ಬೇಕು ಅಂತ ಕೌಂಟರಿನ ಹೆಂಗಸು ಕೇಳುತ್ತಾಳೆ, ಮಗಳು ಬರಲಿ ಎನ್ನುತ್ತೇನೆ, ಅವಳು ಕೆಲಸ ಮಾಡುವ ಬಟ್ಟೆ ಅಂಗಡಿ, ಇರುವ ಹಾಸ್ಟೆಲ್ಲು ಎರಡೂ ಎರಡೇ ಬೀದಿ ಆಚೆ, ಇವತ್ತು ಮಂಗಳವಾರ, ಅವಳ ರಜೆ, ಗಾಂಧಿಪುರಂನ ಬಸ್ಸುಗಳೆಲ್ಲ ಸೇರಿ ನನಗಾಗಿಯೇ ಹಾರ್ನ್ ಹೊಡೆಯುತ್ತಿವೆ. ಮೊದಲು ಸಿಹಿ ಅಂದರೆ ಬರೀ ಸಿಹಿ, ಈಗ ಹಾಗಲ್ಲ, ಜಾಂಗಿರಿ ಒಂದಕ್ಕೆ ಇನ್ನೂರೈವತ್ತು ಕ್ಯಾಲೊರಿ ಅಪ್ಪಾ, ಕರಗಬೇಕಂದ್ರೆ ಒಂದು ಗಂಟೆ ನಡೀಬೇಕು ಅಂತ ಅವಳು ಹೇಳಿಕೊಟ್ಟ ಮೇಲೆ ಗಾಜಿನ ಹಿಂದೆ ನನಗೆ ದೂರಗಳೇ ಕಾಣುತ್ತವೆ, ಈ ಜಾಂಗಿರಿ ಅಂದರೆ ನಮ್ಮೂರಿಂದ ಸೋಮನೂರು ತನಕ, ಆ ಮೈಸೂರ್‌ಪಾಕು ಅಂದರೆ ಹೋಗಿ ಮತ್ತೆ ಅರ್ಧ ದಾರಿ ವಾಪಸು, ರಸಮಲೈ ಪರವಾಗಿಲ್ಲ, ನಮ್ಮ ಬೀದಿಯ ಕೊನೆಯ ಟೀ ಅಂಗಡಿಗೆ ನಾಲ್ಕು ಸಲ.

ನಡೆಯುವುದು ಅಂದರೆ, ಹೂಂ, ನಡೆಯುವುದು. ಎಂಟು ವಾರದ ಹಿಂದೆ ಅವಳೇ ಬಂದು ಈ ಕೈಗಡಿಯಾರ ಕಟ್ಟಿದಳು, ಇದು ಹೆಜ್ಜೆ ಎಣಿಸುತ್ತೆ ಅಪ್ಪಾ, ಲೆಕ್ಕ ನನ್ನ ಫೋನಿಗೂ ಬರುತ್ತೆ, ದಿನಕ್ಕೆ ಹತ್ತು ಸಾವಿರ, ಸಿಹಿ ಮುಟ್ಟಬಾರದು, ಎಂಟು ವಾರ ತಪ್ಪದೆ ಮಾಡು, ನೀ ಕೇಳಿದ್ದು ಕೊಡಿಸ್ತೀನಿ ಅಂದಳು, ಆಯ್ತು ಸಾಮೀ ಅಂದೆ, ಮುದ್ದಿಗೆ ಅವಳನ್ನು ಹಾಗೇ ಕರೆಯುವುದು. ಮೊದಲ ದಿನ ನಡೆದೆ, ಎರಡನೆಯ ದಿನವೂ ನಡೆದೆ, ಮಂಡಿ ಅತ್ತಿತು, ಮೂರನೆಯ ದಿನ ಮನೆಯ ಕರೆಂಟು ಮಗ್ಗದಲ್ಲಿ ಹರಿದ ಎಳೆ ಗಂಟು ಹಾಕುವಾಗ ಬೆವರಿಗೆ ಮಣಿಕಟ್ಟು ತುರಿಸಿತು ಅಂತ ಬಿಚ್ಚಿ ಮಗ್ಗದ ಮೇಲೆ ಕಟ್ಟಿದೆ, ನೂಲು ಒತ್ತುವ ಬಾಚಣಿಗೆಯಂಥ ಹಣಿಗೆ ಹಿಡಿದು ಹಿಂದೆ ಮುಂದೆ ಬಡಿಯುವ ಮರವಿದೆಯಲ್ಲ ಅದರ ಮೇಲೆ, ಬೇರೆ ಜಾಗ ಸಿಗಲಿಲ್ಲ, ಸ್ವಿಚ್ ಹಾಕಿದೆ, ಟೀ ಕುಡಿದು ಬಂದೆ, ನೋಡಿದರೆ ನಾಲ್ಕು ಸಾವಿರ ಹೆಜ್ಜೆ. ಫೋನು ಬಂತು, ಅಪ್ಪಾ, ಸೂಪರ್ ಅಪ್ಪಾ, ಆ ದನಿ, ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ, ಅವಳಮ್ಮ ಜಾನಕಿ ಹೋದ ಮೇಲೆ ಅವಳು ನನ್ನ ಹತ್ತಿರ ಶುಗರ್ ಮಾತ್ರೆ ತಗೊಂಡ್ಯಾ ಅನ್ನುವುದು ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ, ಅಂಥ ದನಿಯನ್ನು ಹೇಗೆ ಸುಳ್ಳು ಮಾಡಲಿ. ಕಳ್ಳನಿಗೊಂದು ಪಿಳ್ಳೆ ನೆವ, ನನಗೂ ಸಿಕ್ಕಿತು, ಮಗ್ಗ ನನ್ನದು, ಓಡಿಸುವವನು ನಾನು, ಅದರ ಹೆಜ್ಜೆ ಯಾರದು? ಆಮೇಲೆ ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಕಟ್ಟುತ್ತಿದ್ದೆ, ನನ್ನ ಓಡಾಟದ್ದೂ ಸೇರಿ ಹದಿನೆಂಟು ಸಾವಿರ, ಅದಕ್ಕಿಂತ ಹೆಚ್ಚಾದರೆ ಅನುಮಾನ ಬರುತ್ತದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂಟು ವಾರ ಕುಡಿದೆ. ಆದರೆ ನಾಲಿಗೆಯ ವ್ರತ ನಿಜ, ತಮ್ಮನ ಮನೆಯ ಗೃಹಪ್ರವೇಶದಲ್ಲಿ ಎಲೆಯ ಮೇಲೆ ಬಿದ್ದ ಒಬ್ಬಟ್ಟನ್ನು ಪಕ್ಕದ ಎಲೆಗೆ ತಳ್ಳಿದವನು ನಾನು, ಆ ಪುಣ್ಯಕ್ಕಾದರೂ ಒಂದು ಕಪ್ ಪಾಯಸ ಬೇಡವಾ.

ಬಂದಳು, ಬಂದಳು, ರಸ್ತೆಯಾಚೆ ಹಳದಿ ಚೂಡಿದಾರ, ನನ್ನನ್ನು ನೋಡಿ ಕೈ ಎತ್ತಿದಳು, ಆಟೋ ನಿಲ್ಲಿಸಿ ದಾಟುತ್ತಿದ್ದಾಳೆ, ಯಾಕೆ ಹಾಗೆ ನಡೆಯುತ್ತಾಳೆ, ಒಂದು ಕಾಲನ್ನು ಬೆರಳ ಮೇಲೆ ಊರಿ, ಬಾಗಿಲು ತಳ್ಳಿ ಒಳಗೆ ಬಂದಾಗ ಕಾಣಿಸಿತು, ಹಿಮ್ಮಡಿಯ ಮೇಲೆ ಪ್ಲಾಸ್ಟರು. ಏನಾಯ್ತು ಸಾಮೀ, ಏನಿಲ್ಲಪ್ಪಾ, ಚಪ್ಪಲಿ ಕಚ್ಚಿ ಬೊಬ್ಬೆ ಒಡೀತು, ನೀ ಕೂತ್ಕೊ, ಎರಡು ಎಳನೀರು ಪಾಯಸ ಅಕ್ಕಾ. ಕೂತೆವು, ಪಾಯಸ ಬಂತು, ತಣ್ಣಗೆ, ಬೆಳ್ಳಗೆ, ಎಳೆ ಕಾಯಿಯ ಚೂರುಗಳು ತೇಲುತ್ತ, ಏಲಕ್ಕಿಯ ವಾಸನೆ, ನನಗೆ ಮೈಯೆಲ್ಲ ಹಬ್ಬ. ಅಪ್ಪಾ ನಿಂಗೊಂದು ಹೇಳ್ಬೇಕು ಅನ್ನುತ್ತಾಳೆ, ಬಯ್ಯಬಾರದು, ಅಂಗಡೀಲಿ ಎಲ್ರದ್ದೂ ರಕ್ತ ಪರೀಕ್ಷೆ ಮಾಡಿಸಿದ್ರು, ನಂಗೂ ಶುಗರ್ ಬಾರ್ಡರ್‌ನಲ್ಲಿದೆಯಂತೆ, ಅಮ್ಮನದೇ ರಕ್ತ ಅಲ್ವಾ, ತುಂಬಾ ಹೆದರಿದ್ದೆ, ಆಮೇಲೆ ನಿನ್ನ ಲೆಕ್ಕ ಬರೋಕೆ ಶುರುವಾಯ್ತು, ಐವತ್ತಾರರಲ್ಲಿ ಅಪ್ಪ ಹದಿನೆಂಟು ಸಾವಿರ ನಡೀತಾರೆ, ಇಪ್ಪತ್ತಾರರಲ್ಲಿ ನಂಗೇನು ಅಂತ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಸ್ಟೆಲ್ ಮಹಡಿ ಸುತ್ತೋದು, ನಿಂದೆಷ್ಟೋ ನಂದೂ ಅಷ್ಟು, ಒಂದು ದಿನಾನೂ ಬಿಟ್ಟಿಲ್ಲ ಅಪ್ಪಾ. ನಗುತ್ತಾಳೆ. ದಿನವಿಡೀ ಗಿರಾಕಿಗಳ ಮುಂದೆ ನಿಂತೇ ಇರುವ ಹುಡುಗಿ, ಕೂರಲು ಸ್ಟೂಲೂ ಕೊಡದ ಅಂಗಡಿ, ಅದರ ಮೇಲೆ ಹದಿನೆಂಟು ಸಾವಿರ, ನನ್ನದಲ್ಲ, ಮಗ್ಗದ್ದು, ಕಬ್ಬಿಣದ ಮಗ್ಗದ ಹಿಂದೆ ಸವೆದ ಚಪ್ಪಲಿಯಲ್ಲಿ ಓಡಿದ್ದಾಳೆ ನನ್ನ ಮಗಳು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟಿದ್ದಾಳೆ, ಹಿಮ್ಮಡಿ, ಪ್ಲಾಸ್ಟರಿನ ಅಂಚು ಸುರುಳಿ ಸುತ್ತಿದೆ, ಜಾನಕಿಗೂ ಮೊದಲು ಚಪ್ಪಲಿಯೇ ಕಚ್ಚಿದ್ದು, ಇಷ್ಟೇ ಅಗಲ, ಶುಗರಿನ ಮೈ, ಅದು ವಾಸಿಯಾಗಲೇ ಇಲ್ಲ. ಆ ಅನ್ನು, ತಗೋ ಅಪ್ಪಾ, ಮೊದಲ ಚಮಚ ನೀನು, ಬಾಯಿಗೇ ಇಡುತ್ತಾಳೆ, ನುಂಗುತ್ತೇನೆ, ಚೆನ್ನಾಗಿದೆ, ದೇವರೇ, ತುಂಬಾ ಚೆನ್ನಾಗಿದೆ, ಅದಕ್ಕೇ ಅಸಹ್ಯವಾಗುತ್ತದೆ. ಹೇಳಬೇಕು, ಈಗಲೇ, ಗೋಕಿಲಾ ನಾನು ನಡೆದಿಲ್ಲ ಅಂತ, ಮೂರೇ ಮಾತು, ಹೇಳಿದರೆ ಆ ನಗು ಹೋಗುತ್ತದೆ, ಹೇಳದಿದ್ದರೆ ಆ ಕಾಲು. ನಾಳೆಯಿಂದ ಇಪ್ಪತ್ತು ಮಾಡೋಣ ಅಪ್ಪಾ, ನೀ ಮುಂದೆ ನಡಿ, ನಾ ಹಿಂದೆ ಬರ್ತೀನಿ ಅನ್ನುತ್ತಾಳೆ, ಇನ್ನೊಂದು ಚಮಚ ತುಂಬುತ್ತಾಳೆ, ನಾನು ಚಮಚ ನೋಡುತ್ತಿಲ್ಲ, ಮೇಜಿನ ಕೆಳಗೆ, ಹಿಂದೆ ಬರ್ತೀನಿ ಅಂದ ಆ ಹಿಮ್ಮಡಿ, ಪ್ಲಾಸ್ಟರಿನ ಅಂಚಿನಿಂದ ಇಣುಕುವ ಕೆಂಪು, ಆ ಹಿಮ್ಮಡಿ —