ಉಂಡಿ ಕಟ್ಟಿದ ಶುಕ್ರವಾರ

ಪಂಚಮಿ ಬುಧವಾರವೇ ಮುಗಿದಿತ್ತು. ಆದರೆ ಮಸ್ಕತ್‌ನಲ್ಲಿ ರಜೆ ಸಿಗುವುದು ಶುಕ್ರವಾರ. ಹಾಗಾಗಿ ಅರ್ಚನಾಳ ಮನೆಯಲ್ಲಿ ನಾಗಪ್ಪನಿಗೆ ಹಾಲೆರೆದದ್ದೂ ಶುಕ್ರವಾರ. ಕಣಕದಲ್ಲಿ ಹೆಡೆ ಮಾಡಿ, ಮೆಣಸಿನ ಕಾಳಿನ ಕಣ್ಣಿಟ್ಟು ಪೂಜಿಸಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಕಟ್ಟಿ ಏಳುವ ಹೊತ್ತಿಗೆ ಸೆರಗೆಲ್ಲ ಬೆಲ್ಲದ ಅಂಟು. ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದ ಗಂಡ ಸದಾಶಿವ ಮಾಳಿಗೆಯ ಮೇಲಿನ ನೀರಿನ ಟಾಕಿಯ ಕಂಬಕ್ಕೆ ಜೋಕಾಲಿ ಕಟ್ಟಿಕೊಟ್ಟ. ಉಂಡಿಗಳನ್ನು ಚಪ್ಪರಿಸಿ ತಿಂದ.

ಸಂಜೆ ಎದುರು ಮನೆಯ ಸೋನಾಲಿ ಬಂದಳು. ಸಂಕೇಶ್ವರದವಳು, ಊರಿಗೆ ಹೋಗಿದ್ದವಳು ಹಿಂದಿನ ದಿನವಷ್ಟೇ ಮರಳಿದ್ದಳು. ಅರ್ಚನಾ ಉಂಡಿಯ ತಾಟು ಮುಂದಿಟ್ಟಳು. ಸೋನಾಲಿ ಕೈ ಚಾಚಲಿಲ್ಲ.

“ಈ ವರ್ಷ ನೀವು ಹಬ್ಬ ಮಾಡೂದಿಲ್ಲ ಅನ್ಕೊಂಡಿದ್ನಿ ರೀ. ನಿಮ್ಮವ್ವ ಹೋಗಿ ಇನ್ನಾ ತಿಂಗಳ ಸೈತ ಆಗಿಲ್ಲ. ಅವರನ್ನ ಮಣ್ಣ ಮಾಡೂಮುಂದ ನಮ್ಮತ್ತಿ ನಿಮ್ಮೂರ ಮೂಡಲಗಿಗೆ ಹೋಗಿದ್ರು.”

ಅರ್ಚನಾ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅರ್ಚನಾಳಿಗೆ ವಿಷಯವೇ ಗೊತ್ತಿಲ್ಲವೆಂದು ಹೊಳೆದು ಸೋನಾಲಿ ಎದ್ದು ಹೋದಳು.

“ನಿನಗ ಗೊತ್ತಿತ್ತು,” ಅಂದಳು ಅರ್ಚನಾ. ಮದುವೆಯಾದಾಗಿನಿಂದ ಗಂಡನಿಗೆ ‘ರೀ’ ಬಿಟ್ಟು ಮಾತಾಡಿದವಳಲ್ಲ.

“ನಿಮ್ಮಣ್ಣನ ಹೇಳಬ್ಯಾಡ ಅಂದ. ಹೇಳಿದ್ರ ಏನ ಮಾಡಾಕಿ ಇದ್ದಿ? ಮಣ್ಣಿಗೆ ಮುಟ್ಟತಿದ್ದಿಲ್ಲ. ಸುಮ್ನ ಇಲ್ಲಿ ಕುಂತ ಅಳತಿದ್ದಿ.”

“ಅಳೂದೂ ನಿಮ್ಮಿಬ್ಬರನ್ನ ಕೇಳಿ ಅಳಬೇಕೇನ ನಾ? ಅವ್ವ ಮಣ್ಣಾಗಿದ್ದಾಳ, ನನ್ನ ಕೈಲೆ ಉಂಡಿ ಕಟ್ಟಿಸಿ ತಿಂದ್ಯಲ್ಲ ನೀ.”

ತಾಟನ್ನು ಎತ್ತಿ ಕಸದ ಡಬ್ಬಿಗೆ ಬಗ್ಗಿಸಿದಳು. ಮಾಳಿಗೆ ಹತ್ತಿ ಈಳಿಗೆಯಿಂದ ಜೋಕಾಲಿಯ ಹಗ್ಗ ಕೊಯ್ದಳು. ಕೆಳಗಿಳಿದು ಬಂದು ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಗಂಡನ ಮುಂದಿಟ್ಟು, ಟಿಕೆಟ್ ತೆಗೆಸು ಅಂದಳು. ತಾನೂ ಬರುತ್ತೇನೆಂದು ಅವನು ಅಂದಾಗ, ತನ್ನೊಬ್ಬಳ ಬಟ್ಟೆಯನ್ನಷ್ಟೇ ಚೀಲಕ್ಕೆ ತುಂಬಿದಳು.

ಮುಂಬೈಯಿಂದ ರೈಲಿನಲ್ಲಿ ಬಂದು ಘಟಪ್ರಭಾದಲ್ಲಿ ಇಳಿದು, ಬಸ್ಸು ಹಿಡಿದು ಮೂಡಲಗಿ ಮುಟ್ಟಿದಾಗ ಅಣ್ಣ ಭೀಮರಾಯ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ, ವೈನಿ ಯಲ್ಲಕ್ಕ, ಹೊಸ್ತಿಲಲ್ಲೇ ತಬ್ಬಿಕೊಂಡು ಅತ್ತಳು. ಅಳುತ್ತಲೇ ಬಾಯಿಬಿಟ್ಟಳು: “ಎಂಟ ದಿನಾ ಹಾಸಗ್ಯಾಗ ಬಿದ್ದಿದ್ರವಾ. ಅರ್ಚನಾ ಬಂದ್ಲೇನ, ಬಂದ್ಲೇನ ಅಂತ ಕೇಳೂದ ಕೇಳೂದು.”

ಎಂಟು ದಿನ. ಮಸ್ಕತ್ತಿನಿಂದ ಎರಡು ಸಲ ಬಂದು ಹೋಗಬಹುದಿತ್ತು. ಅರ್ಚನಾ ವೈನಿಯ ಕೈ ಬಿಡಿಸಿಕೊಂಡು, ಕೊಟ್ಟ ನೀರೂ ಕುಡಿಯದೆ ಹೊಲದ ದಾರಿ ಹಿಡಿದಳು. ಭೀಮರಾಯ ಕಬ್ಬಿಗೆ ನೀರು ಹಾಯಿಸುತ್ತಿದ್ದ. ತಂಗಿಯನ್ನು ನೋಡಿ ಅವನ ಮುಖ ಬಿಳುಚಿತು.

“ಎಂಟ ದಿನಾ ಇತ್ತಲ್ಲೋ ಅಣ್ಣಾ. ಯಾಕ ಫೋನ್ ಮಾಡಲಿಲ್ಲ?”

“ಆರಾಮ ಆಗ್ತಾಳ ಅನ್ಕೊಂಡ್ನಿ. ಜೀವ ಹೋದಮ್ಯಾಲ ಹೇಳಾಕ ಬಾಯಿ ಬರಲಿಲ್ಲ. ಮೊದಲ ಯಾಕ ಹೇಳಲಿಲ್ಲ ಅಂತ ನೀ ಬೈತಿದ್ದಿ.”

“ನಾ ಬೈತೇನಂತ?”

ಅಷ್ಟಕ್ಕೆ. ತನ್ನ ಬೈಗುಳಕ್ಕೆ ಅಂಜಿ, ಅವ್ವ ದಾರಿ ಕಾಯ್ದು ಕಾಯ್ದು ಹೋದದ್ದನ್ನು ಇವನು ಮುಚ್ಚಿಟ್ಟಿದ್ದ. ಅರ್ಚನಾ ಕೈ ಬೀಸಿ ಅಣ್ಣನ ಕೆನ್ನೆಗೆ ಹೊಡೆದಳು. ಭೀಮರಾಯ ಕೈ ಎತ್ತಲಿಲ್ಲ. ಬದುವಿನ ಮೇಲಿನ ಬೇವಿನ ಗಿಡದ ಕಡೆ ತೋರಿಸಿ, “ಅಲ್ಲಿ ಅದಾಳ,” ಅಂದ. ಜೊತೆಗೆ ಹೆಜ್ಜೆ ಇಟ್ಟವನನ್ನು ಅವಳು ತಡೆದಳು.

“ನೀ ಬರಬ್ಯಾಡ.”

ಮಳೆ ಬಿದ್ದು ಮಣ್ಣಿನ ದಿಬ್ಬದ ಮೇಲೆ ಹುಲ್ಲು ಚಿಗುರಿತ್ತು. ಒಂದೊಂದೇ ಎಸಳು ಕಿತ್ತು ಎಸೆಯುತ್ತ, “ನೀನರ ಒಂದೀಟ ತಡೀಬಾರದಿತ್ತೇನ ಬೇ,” ಎಂದು ಅವ್ವನನ್ನೂ ಬೈದಳು. ಅಳು ಬಂದದ್ದು ಆಗಲೇ.

ತಿಂಗಳ ಕಾರ್ಯ ಮುಗಿಯುವವರೆಗೂ ಅವಳು ಊರಲ್ಲೇ ಉಳಿದಳು. ಬಂದ ಬೀಗರಿಗೆಲ್ಲ ತಾನೇ ನಿಂತು ಬಡಿಸಿದಳು. ಅಣ್ಣನ ತಾಟಿನ ಮುಂದೆ ಬಂದಾಗ ಮಾತ್ರ ಸೌಟನ್ನು ವೈನಿಯ ಕೈಗೆ ಕೊಟ್ಟು ಮುಂದಕ್ಕೆ ನಡೆದಳು.